ಗುಡ್ಡಕ್ಕೆ ಬೆಂಕಿ ಹಚ್ಚಿದವರಿಗೆ ಏನು ಶಿಕ್ಷೆ? ಕಪ್ಪತಗುಡ್ಡದ ಬುಡದಿಂದ ಒಂದು ಉತ್ತರ

ಬೇಕಂತಲೇ ಕಾಡಿಗೆ ಬೆಂಕಿ ಹಚ್ಚುವವರನ್ನು ಇಪ್ಪತ್ತು ವರ್ಷ ಒಳಗೆ ಹಾಕಬೇಕು, ನಿಮ್ಮ ಕಡೆಯವರು ಏನಂತೀರಿ ಅಂತ ಕೇಳಿದಿರಿ. ಕೆಲವರನ್ನು ಹಾಕಲೇಬೇಕು. ಆದರೆ ನಮ್ಮ ಕಡೆ ಕಡ್ಡಿ ಗೀರುವವರನ್ನೆಲ್ಲ ಹಾಗೆ ಹಾಕುತ್ತಾ ಹೋದರೆ ಗುಡ್ಡ ಉಳಿಯುವುದಿಲ್ಲ, ಈಗಿನದಕ್ಕಿಂತ ಜಾಸ್ತಿ ಸುಡುತ್ತದೆ. ಯಾಕೆ ಅಂತ ಹೇಳಬೇಕಾದರೆ ನಮ್ಮ ಗುಡ್ಡದ ಬಗ್ಗೆ, ನಮ್ಮ ಮಂದಿಯ ಬಗ್ಗೆ ಸ್ವಲ್ಪ ಹೇಳಬೇಕು.

ನಮ್ಮದು ಗದಗ ಜಿಲ್ಲೆಯ ಮುಂಡರಗಿ ತಾಲೂಕು. ಗಡಿ ಅನ್ನುವುದು ನಮಗೆ ಹೊಸದಲ್ಲ. ನಮ್ಮಜ್ಜನ ಕಾಲದಲ್ಲಿ ನಾವು ಮುಂಬಯಿ ಪ್ರಾಂತ್ಯದವರು. ಕೊಪ್ಪಳದ ಕಡೆ ಹೋದರೆ ನಿಜಾಮರ ಹೈದರಾಬಾದು. ತುಂಗಭದ್ರೆ ದಾಟಿ ಹಡಗಲಿಗೆ ಹೋದರೆ ಮದ್ರಾಸು. ಮೂರೂ ಕಡೆ ಮಾತು ಕನ್ನಡವೇ, ಸರಕಾರ ಮಾತ್ರ ಬೇರೆ ಬೇರೆ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು, 1956ರಲ್ಲಿ ಉಳಿದದ್ದೂ ಒಂದಾಯಿತು. ಈಗ ನಾವು ದಿನಾ ನೋಡುವ ಗಡಿ ಅಂದರೆ ಹೊಲ ಮುಗಿದು ಗುಡ್ಡ ಶುರುವಾಗುವ ಜಾಗ. ಜಗಳ, ಕೇಸು, ಬೆಂಕಿ ಎಲ್ಲಾ ಹುಟ್ಟುವುದು ಅಲ್ಲೇ.

ಕಪ್ಪತಗುಡ್ಡ ಅಂದ ಕೂಡಲೇ ದೊಡ್ಡ ಮರಗಳ ಮಲೆನಾಡು ಅಂದುಕೊಳ್ಳಬೇಡಿ. ಬಿಂಕದಕಟ್ಟಿಯಿಂದ ಶಿಂಗಟಾಲೂರಿನ ತನಕ 60 ಕಿ.ಮೀ.ಗೂ ಉದ್ದ ಚಾಚಿದೆ. ಬರೀ ಹುಲ್ಲು, ಕುರುಚಲು, ಮುಳ್ಳುಕಂಟಿ, ನಡುನಡುವೆ ಔಷಧಿ ಗಿಡಗಳು, ಮೇಲೆ ಸಾಲಾಗಿ ತಿರುಗುವ ಗಾಳಿ ಫ್ಯಾನುಗಳು. ತೋಳ ಇದೆ, ಕತ್ತೆಕಿರುಬ ಇದೆ, ಚಿರತೆ, ಕೊಂಡುಕುರಿ ಇವೆ. ನೆಲದೊಳಗೆ ಚಿನ್ನ, ಕಬ್ಬಿಣದ ಅದಿರು ಇದೆ, ಹಾಗಾಗಿ ಗುಡ್ಡದ ಮೇಲೆ ದೊಡ್ಡವರ ಕಣ್ಣೂ ಇದೆ. 2015ರಲ್ಲಿ ಇದನ್ನು ಸಂರಕ್ಷಿತ ಪ್ರದೇಶ ಅಂದರು, 2016ರಲ್ಲಿ ಆ ಆದೇಶ ವಾಪಸ್ ತಗೊಂಡರು. ಗದಗಿನ ಮಂದಿ, ಮಠದ ಸ್ವಾಮಿಗಳು ಎಲ್ಲಾ ಬೀದಿಗೆ ಇಳಿದ ಮೇಲೆ 2017ರಲ್ಲಿ ಮತ್ತೆ ಕೊಟ್ಟರು. 2019ರಲ್ಲಿ 244 ಚದರ ಕಿ.ಮೀ. ವನ್ಯಜೀವಿ ಅಭಯಾರಣ್ಯವಾಯಿತು. ಇದನ್ನು ಯಾಕೆ ಹೇಳಿದೆ ಅಂದರೆ, ಈ ಗುಡ್ಡ ಬೇಕು ಅಂತ ಹೋರಾಡಿದವರೂ ಇಲ್ಲಿಯವರೇ, ಬೇಸಿಗೆಯಲ್ಲಿ ಬೆಂಕಿ ಹಚ್ಚುವವರೂ ಬಹಳ ಸಲ ಇಲ್ಲಿಯವರೇ.

ಸಂಕ್ರಾಂತಿ ಮುಗಿಯಿತು ಅಂದರೆ ಸೊಂಟದೆತ್ತರದ ಬಾದೆ ಹುಲ್ಲು ಒಣಗಲು ಶುರು. ಶಿವರಾತ್ರಿ ಹೊತ್ತಿಗೆ ಇಡೀ ಗುಡ್ಡ ಹೊತ್ತಿಕೊಳ್ಳಲು ತಯಾರಾಗಿ ನಿಂತಿರುತ್ತದೆ. ಬೆಂಕಿ ಇಳಿಜಾರಿಗಿಂತ ಏರಿನ ಕಡೆಗೆ ಜೋರಾಗಿ ಓಡುತ್ತದೆ, ಕೆಳಗಿನ ಉರಿಯ ಕಾವಿಗೆ ಮೇಲಿನ ಹುಲ್ಲು ಮೊದಲೇ ಕಾದಿರುತ್ತದೆ. ಹಾಗಾಗಿ ಬುಡದಲ್ಲಿ ಹಚ್ಚಿದ ಒಂದು ಕಡ್ಡಿ ಸಾಕು. ಆರಿಸುವವರ ಕೈಯಲ್ಲಿ ಏನಿರುತ್ತದೆ ಗೊತ್ತಾ? ಹೆಚ್ಚಿನ ಸಲ ಹಸಿ ಸೊಪ್ಪಿನ ಟೊಂಗೆ. ಬೇಸಿಗೆಗೆ ಮಾತ್ರ ತಗೊಂಡ ದಿನಗೂಲಿ ಫೈರ್ ವಾಚರುಗಳು, ನಾಲ್ಕು ಜನ ಗಾರ್ಡುಗಳು, ಊರಿನ ಹುಡುಗರು. ಈ ಊರಿನ ಹುಡುಗರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಚ್ಚುವವರು ಯಾರು? ಒಂದೇ ತರಹದ ಮಂದಿ ಅಲ್ಲ.

ಮೊದಲನೆಯವರು ಕುರಿಗಾರರು. ಸುಗ್ಗಿ ಮುಗಿದ ಮೇಲೆ ಅವರ ಕುರಿಗಳನ್ನು ರೈತರು ಕರೆದು ಹೊಲದಲ್ಲಿ ತರುಬಿಸಿಕೊಳ್ಳುತ್ತಾರೆ, ಗೊಬ್ಬರ ಬೀಳುತ್ತದೆ, ಕುರಿಗಾರನಿಗೆ ಕಾಳೋ ದುಡ್ಡೋ ಸಿಗುತ್ತದೆ. ಆದರೆ ಮಾರ್ಚ್, ಏಪ್ರಿಲ್ ಹೊತ್ತಿಗೆ ಹೊಲದಲ್ಲಿ ಏನೂ ಉಳಿದಿರುವುದಿಲ್ಲ. ಉಳಿಯುವುದು ಗುಡ್ಡ ಒಂದೇ. "ಹಳೇ ಹುಲ್ಲು ಸುಟ್ರ ಹೊಸಾ ಚಿಗುರು ಲಗೂನ ಬರ್ತೈತ್ರೀ" ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಅದು ಸುಳ್ಳಲ್ಲ, ಒಂದು ಮಳೆ ಬಿದ್ದರೆ ಸುಟ್ಟ ಜಾಗದಲ್ಲೇ ಮೊದಲು ಹಸಿರು ಕಾಣುತ್ತದೆ. ಆದರೆ ವರ್ಷಾ ವರ್ಷಾ ಸುಟ್ಟರೆ ಸಸಿಗಳು ಸಾಯುತ್ತವೆ, ಬೆಂಕಿ ತಾಳಿಕೊಳ್ಳುವ ಒರಟು ಹುಲ್ಲೇ ಉಳಿಯುತ್ತದೆ, ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿ, ಆಮೆ ಎಲ್ಲಾ ಹೋಗುತ್ತವೆ, ಮೊದಲ ದೊಡ್ಡ ಮಳೆಗೆ ಬೂದಿ ಜೊತೆ ಮಣ್ಣೂ ಹಳ್ಳಕ್ಕೆ ಹರಿಯುತ್ತದೆ. ಈ ಲೆಕ್ಕ ಹತ್ತು ವರ್ಷದ್ದು. ಕುರಿಗಾರನ ಲೆಕ್ಕ ಮುಂದಿನ ತಿಂಗಳದ್ದು.

ಎರಡನೆಯವರು ಗುಡ್ಡದ ಅಂಚಿನ ರೈತರು. ಬದುವಿನ ಕಸ, ಹತ್ತಿ ಕಟಿಗೆ, ಮೆಕ್ಕೆಜೋಳದ ದಂಟು ಸುಡುತ್ತಾರೆ. ಗಾಳಿ ತಿರುಗಿದರೆ ಬೆಂಕಿ ಬೇಲಿ ದಾಟುತ್ತದೆ. ಇವರು ಬೇಕಂತಲೇ ಮಾಡಿದವರಲ್ಲ, ಆದರೆ ಓಡಿಹೋಗುವುದಂತೂ ಬೇಕಂತಲೇ. ಮೂರನೆಯವರು ಮೊಲ, ಕಾಡುಹಂದಿ ಬೇಟೆಗೆ ಬರುವವರು, ಪ್ರಾಣಿ ಹೊರಗೆ ಬರಲಿ ಅಂತ ಹಚ್ಚುತ್ತಾರೆ. ಗಾರ್ಡಿನ ಮೇಲಿನ ಸಿಟ್ಟಿಗೆ ಹಚ್ಚುವವರಿದ್ದಾರೆ. ಇನ್ನು ರವಿವಾರ ಬೈಕ್ ಮೇಲೆ ಬಂದು ಸಿಗರೇಟು ಎಸೆದು, ರೀಲ್ಸ್ ಮಾಡಿ ಹೋಗುವ ಹುಡುಗರ ಬಗ್ಗೆ ನಾನು ಏನೂ ಹೇಳುವುದಿಲ್ಲ, ಹೇಳಿದರೆ ಬೈಗುಳವೇ ಬರುತ್ತದೆ.

ಈಗ ಕಾನೂನು. ನೀವು ಅಂದುಕೊಂಡ ಹಾಗೆ ಅದೇನು ಮೆತ್ತಗಿಲ್ಲ. ಬ್ರಿಟಿಷರು 1927ರಲ್ಲಿ ಅರಣ್ಯ ಕಾಯ್ದೆ ಬರೆದಾಗ ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚಿದವನಿಗೆ ಆರು ತಿಂಗಳ ಜೈಲು ಅಥವಾ 500 ರೂಪಾಯಿ ದಂಡ ಇಟ್ಟಿದ್ದರು, ಎರಡನ್ನೂ ಹಾಕಬಹುದಿತ್ತು. ಅದು ಹಳೆಯ ಮಾತು. ಅಭಯಾರಣ್ಯಕ್ಕೆ 1972ರ ವನ್ಯಜೀವಿ ಕಾಯ್ದೆ ಬರುತ್ತದೆ. ಅದರ 30ನೇ ಕಲಮು ಬೆಂಕಿ ಹಚ್ಚುವುದನ್ನಷ್ಟೇ ಅಲ್ಲ, ಅಭಯಾರಣ್ಯಕ್ಕೆ ಅಪಾಯ ಆಗುವ ಹಾಗೆ ಉರಿಯುವ ಬೆಂಕಿ ಬಿಟ್ಟು ಹೋಗುವುದನ್ನೂ ತಪ್ಪು ಅನ್ನುತ್ತದೆ. ಶಿಕ್ಷೆ ಮೂರು ವರ್ಷದ ತನಕ ಜೈಲು, ಅಥವಾ ಒಂದು ಲಕ್ಷದ ತನಕ ದಂಡ, ಅಥವಾ ಎರಡೂ. 2022ರ ತಿದ್ದುಪಡಿಗೆ ಮೊದಲು ದಂಡ ಬರೀ 25,000 ಇತ್ತು. ಇದಲ್ಲದೆ ಭಾರತೀಯ ನ್ಯಾಯ ಸಂಹಿತೆಯ 326ನೇ ಕಲಮಿದೆ. ಬೆಂಕಿಯಿಂದ ಆಸ್ತಿ, ಬೆಳೆ ಹಾಳು ಮಾಡಿದರೆ ಏಳು ವರ್ಷದ ತನಕ, ಮನೆ ಗುಡಿ ಸುಟ್ಟರೆ ಜೀವಾವಧಿ ತನಕ. ಸಾಕಲ್ವಾ? ಕಾಗದದ ಮೇಲೆ ಸಾಕು. ಊರಲ್ಲಿ ಇದರಿಂದ ಜೈಲಿಗೆ ಹೋದವನ ಹೆಸರು ಹೇಳಿ ಅಂದರೆ ಮಾತ್ರ ಎಲ್ಲರೂ ಮುಖ ಮುಖ ನೋಡುತ್ತಾರೆ.

ನೀವು ಆಸ್ಟ್ರೇಲಿಯಾದ ಮೆಲ್ಬರ್ನ್ ಕಡೆ ಇದ್ದು ಬಂದವರು, ಅಲ್ಲಿಯದನ್ನು ಇಲ್ಲಿಗೆ ಹೋಲಿಸುವುದು ಸಹಜ. 2009ರ ಫೆಬ್ರವರಿ 7ರ ಶನಿವಾರ ವಿಕ್ಟೋರಿಯಾ ರಾಜ್ಯದಲ್ಲಿ 173 ಜನ ಬೆಂಕಿಗೆ ಸತ್ತರು. ಅದರಲ್ಲಿ ಚರ್ಚಿಲ್ ಅನ್ನುವ ಊರಿನ ಹತ್ತಿರದ ಬೆಂಕಿ ಒಬ್ಬ ಹಚ್ಚಿದ್ದು. ಅವನು ಹಿಂದೆ ಸ್ವಯಂಸೇವಕನಾಗಿ ಬೆಂಕಿ ಆರಿಸಲು ಹೋಗುತ್ತಿದ್ದವನೇ. 10 ಜನರ ಸಾವಿಗೆ ಕಾರಣ ಅಂತ 2012ರಲ್ಲಿ ಅವನಿಗೆ 17 ವರ್ಷ 9 ತಿಂಗಳು ಕೊಟ್ಟರು. ಅಲ್ಲಿ ಬೆಂಕಿ ಹಚ್ಚಿ ಸಾವಿಗೆ ಕಾರಣವಾದರೆ 25 ವರ್ಷದ ತನಕ, ಕಾಡ್ಗಿಚ್ಚು ಹಬ್ಬಿಸಿದ್ದಕ್ಕೇ 15 ವರ್ಷದ ತನಕ ಶಿಕ್ಷೆ ಇದೆ. ಪಕ್ಕದ ನ್ಯೂ ಸೌತ್ ವೇಲ್ಸ್‌ನವರು 2018ರಲ್ಲಿ 14 ವರ್ಷ ಇದ್ದದ್ದನ್ನು 21ಕ್ಕೆ ಏರಿಸಿದರು.

ಆ ಶಿಕ್ಷೆ ಅಲ್ಲಿಗೆ ಸರಿ ಅಂತಲೇ ನನಗೂ ಅನಿಸುತ್ತದೆ. ಅಲ್ಲಿ ನೀಲಗಿರಿ ಮರದ ತೊಗಟೆ ಉರಿಯುತ್ತಾ ಕಿಲೋಮೀಟರುಗಟ್ಟಲೆ ಹಾರಿ ಬೀಳುತ್ತದೆ, ಮರಗಳ ನಡುವೆಯೇ ಮನೆಗಳಿವೆ. ಅಂಥ ಸುಡುಬಿಸಿಲಿನ ಗಾಳಿ ದಿನ ಕಡ್ಡಿ ಗೀರುವವನಿಗೆ ಯಾರಾದರೂ ಸಾಯಬಹುದು ಅಂತ ಗೊತ್ತಿರುತ್ತದೆ. ನಮ್ಮ ಗುಡ್ಡದ ಮೇಲೆ ಊರುಗಳಿಲ್ಲ, ಊರು ಕೆಳಗಿದೆ. ನಮ್ಮಲ್ಲಿ ಸಾಯುವವರು ಬೆಂಕಿ ಆರಿಸಲು ಹೋದವರು. 2017ರಲ್ಲಿ ಬಂಡೀಪುರದಲ್ಲಿ ಒಬ್ಬ ಗಾರ್ಡ್ ಹಾಗೇ ಹೋದರು, 2023ರಲ್ಲಿ ಸಕಲೇಶಪುರದ ಕಡೆ ಇನ್ನೊಬ್ಬರು. ಗಲ್ಲು ಯಾಕೆ ಕೊಡಬಾರದು ಅಂತಲೂ ಕೇಳಿದ್ದೀರಿ. ಕ್ಯಾಲಿಫೋರ್ನಿಯಾದಲ್ಲಿ 2006ರ ಒಂದು ಕಾಡ್ಗಿಚ್ಚಿಗೆ ಐದು ಜನ ಅಗ್ನಿಶಾಮಕರು ಸತ್ತಾಗ ಹಚ್ಚಿದವನಿಗೆ 2009ರಲ್ಲಿ ಮರಣದಂಡನೆ ಹೇಳಿದರು. ಅದಾದ ಮೇಲೂ ಕ್ಯಾಲಿಫೋರ್ನಿಯಾ ಸುಡುವುದೇನೂ ನಿಂತಿಲ್ಲ, ನೀವೇ ಟಿವಿಯಲ್ಲಿ ನೋಡಿರುತ್ತೀರಿ.

ನಮ್ಮಲ್ಲಿ ಗಂಟು ಬಿದ್ದಿರುವುದು ಸಾಕ್ಷಿಯಲ್ಲಿ. ಬಣವೆ ವಿಷಯ ಹೇಳುತ್ತೇನೆ, ಆಗ ತಿಳಿಯುತ್ತದೆ. ಈ ಕಡೆ ಹಳ್ಳಿಗಳಲ್ಲಿ ಹಗೆ ತೀರಿಸಿಕೊಳ್ಳುವ ಹಳೆಯ ದಾರಿ ಅಂದರೆ ಎದುರಾಳಿಯ ಬಣವೆಗೆ ರಾತ್ರಿ ಬೆಂಕಿ ಇಡುವುದು. ಜೋಳದ ಕಣಿಕೆ, ಹೊಟ್ಟು, ಇಡೀ ವರ್ಷದ ಮೇವು ಒಂದು ತಾಸಿನಲ್ಲಿ ಬೂದಿ. ಏಳು ವರ್ಷದ ತನಕ ಶಿಕ್ಷೆ ಇರುವ ಅಪರಾಧ. ಯಾರು ಮಾಡಿದ್ದು ಅಂತ ಬೆಳಗಾಗುವುದರೊಳಗೆ ಇಡೀ ಊರಿಗೆ ಗೊತ್ತು. ಪೊಲೀಸರು ಬಂದು ಕೇಳಿದರೆ ಮಾತ್ರ, "ಗೊತ್ತಿಲ್ರೀ ಸಾಹೇಬ್ರ, ನಾ ಊರಾಗ ಇರ್ಲಿಲ್ಲ." ನಾಳೆ ಅದೇ ಮನೆಯವರ ಜೊತೆ ಎತ್ತು ಕೂಡಿಸಬೇಕು, ಮದುವೆಗೆ ಹೋಗಬೇಕು, ಹೆಣ ಹೊರಬೇಕು. ಬಣವೆಗೇ ಹೀಗಾದರೆ, ಯಾರ ಮನೆಯದೂ ಅಲ್ಲದ ಗುಡ್ಡಕ್ಕೆ ಯಾರು ಸಾಕ್ಷಿ ಹೇಳುತ್ತಾರೆ? ಶಿಕ್ಷೆ ಇಪ್ಪತ್ತು ವರ್ಷ ಅಂತಾದರೆ ಇರುವ ಅರ್ಧ ಬಾಯಿಯೂ ಮುಚ್ಚುತ್ತದೆ. ಮೂರು ಹಗಲು ಗುಡ್ಡದಲ್ಲಿ ತಿರುಗಿದ ಕುರಿಗಾರ ಹುಡುಗನೊಬ್ಬ ಇಪ್ಪತ್ತು ವರ್ಷ ಹೋಗಲಿ ಅಂತ ಯಾವ ಅಜ್ಜಿಯೂ ಕೋರ್ಟಿಗೆ ಬರುವುದಿಲ್ಲ.

ಸ್ಯಾಟಲೈಟ್ ಇದೆಯಲ್ಲ ಅನ್ನಬಹುದು. ಇದೆ. ಬೆಂಕಿ ಬಿದ್ದರೆ ಇಲಾಖೆಯವರ ಮೊಬೈಲಿಗೆ ಸಂದೇಶ ಬರುತ್ತದೆ. ಆದರೆ ಅದು ತೋರಿಸುವ ಒಂದೊಂದು ಚುಕ್ಕೆಯೂ ಸುಮಾರು 375 ಮೀಟರ್ ಅಗಲದ್ದು. ಬೆಂಕಿ ಕಾಣುತ್ತದೆ, ಕೈ ಕಾಣುವುದಿಲ್ಲ. ಅದು ಮೇಲಿಂದ ಹಾದು ಹೋಗುವಷ್ಟರಲ್ಲಿ ಹಚ್ಚಿದವನು ಗುಡ್ಡ ಇಳಿದು ಚಹಾದಂಗಡಿಯಲ್ಲಿ ಕೂತಿರುತ್ತಾನೆ. ಸುಟ್ಟ ಜಾಗದಲ್ಲಿ ಕಲ್ಲಿನ ಯಾವ ಮಗ್ಗುಲು ಕಪ್ಪಾಗಿದೆ, ಹುಲ್ಲಿನ ಕಡ್ಡಿ ಯಾವ ಕಡೆ ಬಾಗಿ ಬಿದ್ದಿದೆ ಅಂತ ನೋಡಿ ಬೆಂಕಿ ಎಲ್ಲಿಂದ ಶುರುವಾಯಿತು ಅಂತ ಹೇಳಬಲ್ಲವರಿದ್ದಾರೆ. ಆ ಕೆಲಸ ಕಲಿತವರು ತಾಲೂಕಿಗೆ ಇಬ್ಬರಾದರೂ ಬೇಕು, ಮತ್ತು ಅವರು ಜಾಗಕ್ಕೆ ಬರುವ ಮೊದಲು ನಾವೆಲ್ಲ ತುಳಿದು ಹಾಳು ಮಾಡಿರಬಾರದು.

1927ರ ಆ ಹಳೆಯ ಅರಣ್ಯ ಕಾಯ್ದೆಯಲ್ಲಿ ಇನ್ನೊಂದು ಸಾಲಿದೆ, ನನಗೆ ಅದನ್ನು ಕಂಡರೆ ಸಿಟ್ಟು. ಬೇಕಂತಲೇ ಇಲ್ಲವೇ ತೀರಾ ಬೇಜವಾಬ್ದಾರಿಯಿಂದ ಬೆಂಕಿ ಬಿದ್ದರೆ ಆ ಅರಣ್ಯದಲ್ಲಿ ದನ ಕುರಿ ಮೇಯಿಸುವ ಹಕ್ಕನ್ನೇ ಸರಕಾರ ತಡೆಹಿಡಿಯಬಹುದು ಅಂತ. ಅಂದರೆ ಒಬ್ಬ ಹಚ್ಚಿದ್ದಕ್ಕೆ ಇಡೀ ಊರಿಗೆ ಬರೆ. ಹಾಗೆ ಮಾಡಿದ ವರ್ಷ ಬೆಂಕಿ ಬಿದ್ದರೆ ಟೊಂಗೆ ಹಿಡಿದು ಹೋಗುವ ಆ ಊರಿನ ಹುಡುಗರು ಕಟ್ಟೆ ಮೇಲೆ ಕೂತು ನೋಡುತ್ತಾರೆ, ಅಷ್ಟೇ. ಅವರಿಲ್ಲದೆ ನಾಲ್ಕು ಗಾರ್ಡುಗಳು ಏನು ಮಾಡಲಿಕ್ಕಾಗುತ್ತದೆ?

ನನ್ನನ್ನು ಕೇಳಿದರೆ ಬೇಟೆಗೆ, ಹಗೆಗೆ, ಜಾಗ ಹೊಡೆಯಲಿಕ್ಕೆ ಹಚ್ಚಿದವನಿಗೆ ಜೈಲೇ ಆಗಬೇಕು. ದಂಡ ಕಟ್ಟಿ ರಾಜಿ ಮಾಡಿಕೊಂಡು ಹೋಗುವ ದಾರಿ ಅವನಿಗೆ ಇರಬಾರದು. ಆರಿಸಲು ಹೋದ ಗಾರ್ಡೋ ಊರವನೋ ಸತ್ತರೆ ವಿಕ್ಟೋರಿಯಾದಲ್ಲಿ ಇರುವ ಹಾಗೆ ಅದಕ್ಕೇ ಬೇರೆ ಕಲಮು ಇರಲಿ. ಈಗ ಅದು ನಿರ್ಲಕ್ಷ್ಯದ ಸಾವು ಅಂತ ಬರೆಸಿಕೊಂಡರೆ ಐದು ವರ್ಷಕ್ಕೆ ಮೀರುವುದಿಲ್ಲ, ಬೇಕಂತಲೇ ಹಚ್ಚಿದ ಬೆಂಕಿಗೆ ನಿರ್ಲಕ್ಷ್ಯ ಅನ್ನುವುದೇ ಅನ್ಯಾಯ.

ಕುರಿಗಾರ, ಅಂಚಿನ ರೈತ ಮೊದಲ ಸಲ ಸಿಕ್ಕರೆ ಜೈಲು ಬೇಡ. ಹೊಸ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆ ಅನ್ನುವ ಶಿಕ್ಷೆ ಬಂದಿದೆ, ಕುಡಿದು ಗಲಾಟೆ ಮಾಡಿದ್ದು, ಸಣ್ಣ ಕಳ್ಳತನ ಇಂಥವಕ್ಕೆ ಮಾತ್ರ. ಅದನ್ನು ಇದಕ್ಕೂ ತನ್ನಿ. ಡಿಸೆಂಬರ್, ಜನವರಿಯಲ್ಲಿ ಬೆಂಕಿ ದಾಟದ ಹಾಗೆ ಉದ್ದಕ್ಕೆ ಹುಲ್ಲು ಕಿತ್ತು ಫೈರ್‌ಲೈನ್ ಮಾಡುವ ಕೆಲಸ ಇರುತ್ತದೆ, ಅಲ್ಲಿ ದುಡಿಯಲಿ, ಬೇಸಿಗೆ ಮುಗಿಯುವ ತನಕ ದಿನಾ ಬಂದು ಸಹಿ ಹಾಕಲಿ. ಇಂಥ ಶಿಕ್ಷೆ ಆದರೆ ಊರಿನವರೇ "ಇವನೇ ಹಚ್ಚಿದ್ದು" ಅಂತ ಬಾಯಿಬಿಟ್ಟಾರು. ಎರಡನೆಯ ಸಲ ಸಿಕ್ಕರೆ ಒಳಗೆ ಹಾಕಿ, ಆಗ ನಾನೂ ಅವನ ಪರ ಮಾತಾಡುವುದಿಲ್ಲ. ಬೈಕಿನ ಹುಡುಗರ ಬೈಕ್ ಕಿತ್ತುಕೊಂಡರೆ ಸಾಕು, ಅದಕ್ಕಿಂತ ದೊಡ್ಡ ಶಿಕ್ಷೆ ಅವರಿಗಿಲ್ಲ.

ಇನ್ನೊಂದು ವಿಷಯ, ಇದನ್ನು ನೀವು ಕೇಳಲಿಲ್ಲ. ಆ 2009ರ ಶನಿವಾರ ವಿಕ್ಟೋರಿಯಾದಲ್ಲಿ ಅತಿ ಹೆಚ್ಚು ಜನರನ್ನು ಕೊಂದ ಬೆಂಕಿ ಯಾರೂ ಹಚ್ಚಿದ್ದಲ್ಲ. ಕಿಲ್‌ಮೋರ್ ಈಸ್ಟ್ ಅನ್ನುವಲ್ಲಿ ಹಳೆಯ ಕರೆಂಟ್ ತಂತಿ ಕಡಿದು ಬಿದ್ದು 119 ಜನ ಸತ್ತರು. ಊರವರು ಸೇರಿ ದಾವೆ ಹಾಕಿದರು, 2014ರಲ್ಲಿ ಸುಮಾರು 49 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಂದ ಆಯಿತು. ಅಲ್ಲಿ ಯಾರೂ ಜೈಲಿಗೆ ಹೋಗಲಿಲ್ಲ, ಆದರೆ ದುಡ್ಡಾದರೂ ಬಿಚ್ಚಿಸಿದರು. ನಮ್ಮ ಗುಡ್ಡದ ಮೇಲೂ ತಂತಿಗಳು ಹಾದುಹೋಗಿವೆ, ಫ್ಯಾನುಗಳಿವೆ. ಕುರಿಗಾರನಿಗೆ ಕಾನೂನು ಬಿಗಿ ಮಾಡುವ ದಿನವೇ ತಂತಿಯವರಿಗೂ ಮಾಡಿ. ಕಂಬದ ಕೆಳಗಿನ ಹುಲ್ಲನ್ನು ಸಂಕ್ರಾಂತಿಯೊಳಗೆ ಕೊಯ್ಯದಿದ್ದರೆ ಇಷ್ಟು ದಂಡ ಅಂತ ಬರೆಯಿರಿ, ಕಿಡಿ ಬಿದ್ದು ಸುಟ್ಟರೆ ಎಕರೆ ಲೆಕ್ಕದಲ್ಲಿ ವಸೂಲಿ ಮಾಡಿ. ಆ ದುಡ್ಡಿನಲ್ಲಿ ಫೈರ್ ವಾಚರುಗಳ ಕೂಲಿ ತಿಂಗಳು ತಿಂಗಳು ಸರಿಯಾಗಿ ಕೊಡಬಹುದು.