ಬಾಲ ಉದುರಿಲ್ಲ, ಅದು ಇರುವುದೇ ಹಾಗೆ

ದಕ್ಷಿಣ ಆಫ್ರಿಕಾದ ಕ್ರೂಗರ್ ಕಾಡಿನಲ್ಲಿ ಕಂಡ ಪುಟ್ಟ ಬೂದು ಹಕ್ಕಿಯ ಬಾಲ ಉದುರಿಹೋಗಿತ್ತಾ ಅಂತ ಕೇಳಿದ್ದೀರಿ. ಇಲ್ಲ, ನೀವು ಹೇಳಿದ ಗುರುತು ನೋಡಿದರೆ ಅದು ಲಾಂಗ್-ಬಿಲ್ಡ್ ಕ್ರಾಂಬೆಕ್. ಬಾಲ ಎಷ್ಟು ಮೋಟು ಅಂದರೆ ಇಲ್ಲವೇ ಇಲ್ಲ ಅನ್ನಿಸುತ್ತದೆ. ಕೊಂಬೆಗೆ ಅಂಟಿಕೊಂಡ ಹಾಗೆ ಹರಿದಾಡುತ್ತಾ, ತೊಗಟೆಯ ಸಂದಿಗೆ ಕೊಕ್ಕು ತೂರಿಸಿ ಹುಳ ಹೆಕ್ಕುವುದು ಇದರದೇ ರೀತಿ. ಹಕ್ಕಿ ಸುಮಾರು 11 ಸೆಂ.ಮೀ. ಅಷ್ಟೇ. ಕೊಕ್ಕು ಉದ್ದ, ತುಸು ಬಾಗಿದ್ದು. ‘ಬಾಗಿದ ಕೊಕ್ಕು’ ಅನ್ನುವ ಡಚ್ ಮಾತಿನಿಂದಲೇ ಕ್ರಾಂಬೆಕ್ ಅನ್ನುವ ಹೆಸರು ಬಂದಿದೆ.

ಫೋಟೊ ಇದ್ದರೆ ದೊಡ್ಡದು ಮಾಡಿ ಕಣ್ಣಿನ ಹತ್ತಿರ ನೋಡಿ. ಕಣ್ಣನ್ನು ಹಾದು ಹೋಗುವ ಕಪ್ಪು ಛಾಯೆಯ ಗೆರೆ ಕಂಡರೆ ಅನುಮಾನವೇ ಬೇಡ. ಇದರ ನೆಂಟ ರೆಡ್-ಫೇಸ್ಡ್ ಕ್ರಾಂಬೆಕ್‌ಗೆ ಆ ಗೆರೆ ಇರಲ್ಲ, ಕೊಕ್ಕೂ ಗಿಡ್ಡ. ಮತ್ತೆ ಹೋದರೆ ಗೂಡನ್ನೂ ದೂರದಿಂದ ಹುಡುಕಿ: ಜೇಡರ ಬಲೆಯಿಂದ ಬಿಗಿದು, ತಗ್ಗಿನ ಕೊಂಬೆಗೆ ಇಳಿಬಿಟ್ಟ ಪುಟ್ಟ ಜೋಳಿಗೆ. ಅಷ್ಟು ಚೆಂದ!