ಕ್ಯಾನ್ಸರ್‌ಗೆ ವ್ಯಾಕ್ಸಿನ್ ಬಂತಂತೆ, ಕೀಮೋ ನಿಲ್ಸಬೋದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮಮ್ಮಂಗೆ ಬ್ರೆಸ್ಟ್ ಕ್ಯಾನ್ಸರ್, ಕೀಮೋ ನಡೀತಿದೆ, ತುಂಬಾ ಸುಸ್ತಾಗ್ತಾರೆ. ರಷ್ಯಾದಲ್ಲಿ ವ್ಯಾಕ್ಸಿನ್ ರೆಡಿ, ಫ್ರೀ, 100% ಸಕ್ಸಸ್ ಅಂತ ವಾಟ್ಸಾಪಲ್ಲಿ ಬಂದಿದೆ. ಕೀಮೋ ನಿಲ್ಸಿ ಅದಕ್ಕೇ ಕಾಯೋಣ ಅಂತಾರೆ ನಮ್ಮ ಮಾವ. ನಮಗೆ ಸಿಗುತ್ತಾ?
– ಓದುಗರು, ತಿಪಟೂರು

ಉತ್ತರ: ಕೀಮೋ ನಿಲ್ಲಿಸ್ಬೇಡಿ, ಮಾವಂಗೆ ಇವತ್ತೇ ಹೇಳ್ಬಿಡಿ. ರಷ್ಯಾದವರು 2024ರ ಡಿಸೆಂಬರಲ್ಲಿ ಅನೌನ್ಸ್ ಮಾಡಿದ್ದು ನಿಜ, ಆದ್ರೆ ಆ 100% ಅನ್ನೋದಕ್ಕೆ ಆಧಾರವಾಗಿ ದೊಡ್ಡ ಟ್ರಯಲ್‌ನ ರಿಸಲ್ಟ್ ಯಾವುದೂ ಪ್ರಕಟ ಆಗಿಲ್ಲ.

ಹಾಗಂತ ಎಲ್ಲಾ ಬುರುಡೆ ಅಂತಾನೂ ಅಲ್ಲ. ಮಾಡರ್ನಾ, ಮರ್ಕ್ ಕಂಪನಿಗಳು ಸೇರಿ ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್‌ಗೆ ಒಂದು ಎಂಆರ್‌ಎನ್‌ಎ (ಜೀವಕೋಶಕ್ಕೆ ಸೂಚನೆ ಒಯ್ಯೋ ಅಣು) ವ್ಯಾಕ್ಸಿನ್ ಮಾಡ್ತಿದಾರೆ. ಇದು ಪೋಲಿಯೋ ಹನಿ ಥರ ಎಲ್ರಿಗೂ ಒಂದೇ ಅಲ್ಲ. ಆಪರೇಷನ್ ಮಾಡಿ ತೆಗೆದ ಗಡ್ಡೆಯ ಡಿಎನ್‌ಎನ ಅದೇ ಪೇಷಂಟ್ ರಕ್ತದ ಡಿಎನ್‌ಎ ಜೊತೆ ಹೋಲಿಸಿ ನೋಡ್ತಾರೆ, ಗಡ್ಡೇಲಿ ಮಾತ್ರ ಇರೋ ಬದಲಾವಣೆಗಳಲ್ಲಿ ಹೆಚ್ಚಂದ್ರೆ 34 ಆರಿಸ್ತಾರೆ, ಅದರ ಮಾಹಿತಿನ ಎಂಆರ್‌ಎನ್‌ಎಲಿ ಬರೆದು, ಅದು ಮೈಗೆ ಹೋದ ತಕ್ಷಣ ಒಡೆದುಹೋಗದೇ ಇರ್ಲಿ ಅಂತ ಸಣ್ಣ ಕೊಬ್ಬಿನ ಕಣದೊಳಗಿಟ್ಟು ಮೂರು ವಾರಕ್ಕೊಂದರಂತೆ 9 ಡೋಸ್ ಚುಚ್ತಾರೆ. ಇವರೇ ನಮ್ಮ ಶತ್ರು ಅಂತ ಇಮ್ಯೂನಿಟಿಗೆ ತೋರಿಸೋದು ಅಷ್ಟೇ ಇದರ ಕೆಲಸ. 157 ಪೇಷಂಟ್‌ಗಳ ಟ್ರಯಲಲ್ಲಿ, ಬರೀ ಕೀಟ್ರೂಡಾ (ಕ್ಯಾನ್ಸರ್ ವಿರುದ್ಧ ಇಮ್ಯೂನಿಟಿ ಕೆಲಸ ಮಾಡೋ ಹಾಗೆ ಮಾಡೋ ಔಷಧಿ) ತಗೊಂಡವರಿಗಿಂತ ಅದರ ಜೊತೆ ವ್ಯಾಕ್ಸಿನ್ನೂ ತಗೊಂಡವರಲ್ಲಿ ಕಾಯಿಲೆ ಮರುಕಳಿಸೋ ಅಥವಾ ಸಾಯೋ ರಿಸ್ಕ್ ಮೂರು ವರ್ಷದ ಲೆಕ್ಕದಲ್ಲಿ 49% ಕಮ್ಮಿ ಬಂತು. ಒಳ್ಳೇ ಸುದ್ದೀನೇ, ಆದ್ರೆ ಗಮನಿಸಿ, ಔಷಧಿ ಜೊತೆಗೆ ಕೊಟ್ಟಿದ್ದು, ಔಷಧಿ ಬಿಟ್ಟಲ್ಲ. ಅದೂ ಮೆಲನೋಮಾಗೆ, ನಿಮ್ಮಮ್ಮನ ಕಾಯಿಲೆಗಲ್ಲ.

ಪ್ಯಾಂಕ್ರಿಯಾಸ್ ಕ್ಯಾನ್ಸರ್‌ಗೆ ನ್ಯೂಯಾರ್ಕ್‌ನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೇಲಿ ಇಂಥದ್ದೇ ಇನ್ನೊಂದು ವ್ಯಾಕ್ಸಿನ್‌ನ ಟ್ರಯಲಲ್ಲಿ 16 ಜನರಲ್ಲಿ 8 ಜನರ ಇಮ್ಯೂನಿಟಿ ವ್ಯಾಕ್ಸಿನ್‌ಗೆ ಸ್ಪಂದಿಸಿತು. ಅಲ್ಲೂ ಆಪರೇಷನ್, ಕೀಮೋ ಎರಡೂ ಇತ್ತು!

ಅಮ್ಮನ ಸುಸ್ತಿಗೆ ನಿಮ್ಮ ಆಂಕಾಲಜಿಸ್ಟ್ ಹತ್ರ ಮಾತಾಡಿ, ಹಿಮೋಗ್ಲೋಬಿನ್ ಚೆಕ್ ಮಾಡ್ಸಿ, ಅದಕ್ಕೆ ದಾರಿ ಇದೆ.

ಪ್ರಶ್ನೆ: ಮಗಳಿಗೆ 12 ವರ್ಷ. ಎಚ್‌ಪಿವಿ ಲಸಿಕೆ ಈಗಲೇ ಹಾಕಿಸ್ಬೇಕಾ, ಮದುವೆ ಹೊತ್ತಿಗೆ ಸಾಕಾ?
– ಓದುಗರು, ಹಾವೇರಿ

ಉತ್ತರ: ಈಗಲೇ. ಗರ್ಭಕಂಠದ ಕ್ಯಾನ್ಸರ್ ತರೋ ಎಚ್‌ಪಿವಿ ಅನ್ನೋ ವೈರಸ್ ಮೈಗೆ ಸೇರೋಕೆ ಮುಂಚೆ ಹಾಕಿದ್ರೇ ಪೂರ್ತಿ ಪ್ರಯೋಜನ. ಸ್ವೀಡನ್‌ನಲ್ಲಿ 17 ತುಂಬೋಕೆ ಮುಂಚೆ ಹಾಕಿಸ್ಕೊಂಡವರಲ್ಲಿ ಈ ಕ್ಯಾನ್ಸರ್ 88% ಕಮ್ಮಿ ಅಂತ 2020ರಲ್ಲಿ ಗೊತ್ತಾಯ್ತು. ಪುಣೆಯ ಸೀರಂ ಕಂಪನಿಯವರ ಸರ್ವಾವ್ಯಾಕ್ ಅನ್ನೋ ಎಚ್‌ಪಿವಿ ಲಸಿಕೆ ನಮ್ಮಲ್ಲೇ ಸಿಗುತ್ತೆ, 15 ತುಂಬೋದ್ರೊಳಗೆ ಆದ್ರೆ ಆರು ತಿಂಗಳ ಗ್ಯಾಪಲ್ಲಿ ಎರಡು ಡೋಸ್, 15 ಆದ್ಮೇಲೆ ಮೂರು.