ಪರ್ಫಾರ್ಮೆನ್ಸ್ ಟ್ಯಾಬಲ್ಲಿ ಎಲ್ಲಿಂದ ಶುರು ಮಾಡ್ಬೇಕು ಅಂತ ಕೇಳಿದ ಮುಳಬಾಗಿಲಿನ ಬ್ರದರ್‌ಗೆ

ಬ್ರದರ್, ನಿಮ್ಮ ಪೋಸ್ಟು ನೆನ್ನೆನೇ ನೋಡ್ದೆ, ಕೂತು ಟೈಪ್ ಮಾಡೋಕೆ ಈಗ ಟೈಮ್ ಸಿಕ್ತು. ಅಪ್ಪಾಜಿಯ ಟೊಮ್ಯಾಟೊ ಲೆಕ್ಕಕ್ಕೆ ಒಂದು ಪೇಜ್ ಮಾಡಿದೀರಿ, ತಾರೀಖು, ಮಂಡಿ, ಎಷ್ಟು ಬಾಕ್ಸು, ರೇಟು, ಕಮಿಷನ್, ಹಮಾಲಿ, ಗಾಡಿ ಬಾಡಿಗೆ ಎಲ್ಲಾ ಸಾಲಾಗಿ ಬರುತ್ತೆ, ಮೂರು ವರ್ಷದ ಎಂಟ್ರಿ ತುಂಬಿದ್ಮೇಲೆ ಸರ್ಚಲ್ಲಿ ಒಂದಕ್ಷರ ಒತ್ತಿದ್ರೂ ಅವರ ಫೋನು ಅಲ್ಲಾಡ್ದಂಗೆ ನಿಂತ್ಬಿಡುತ್ತೆ. ಪೇಜ್ ಎಲ್ಲಿ ಟೈಮ್ ತಿಂತೈತೆ ಅಂತ ರೆಕಾರ್ಡ್ ಮಾಡಿ ತೋರ್ಸೋ ಕ್ರೋಮ್‌ನ ಪರ್ಫಾರ್ಮೆನ್ಸ್ ಟ್ಯಾಬ್ ನೋಡಿ ಅಂತ ಯಾರೋ ಅಂದ್ರಂತೆ, ತೆಗೆದ್ರೆ ಬಣ್ಣಬಣ್ಣದ ಪಟ್ಟಿ ಬಿಟ್ರೆ ಏನೂ ಅರ್ಥ ಆಗ್ಲಿಲ್ಲ, ಇಷ್ಟು ತಾನೆ? ನಾನೂ ತುಮಕೂರಲ್ಲಿ ಕೂತ್ಕೊಂಡು ನಮ್ಮ ಮಾವನ ಕೊಬ್ಬರಿ ಲೆಕ್ಕಕ್ಕೆ ಇಂಥದ್ದೇ ಪೇಜ್ ಮಾಡಿ ಇದೇ ಗುಂಡಿಗೆ ಬಿದ್ದಿದ್ದೆ, ಅದಕ್ಕೆ ಹೇಳ್ತೀನಿ.

ಮೊದಲ್ನೇದು, ಇನ್‌ಕಾಗ್ನಿಟೊ ವಿಂಡೋಲಿ ಪೇಜ್ ತೆಗೀರಿ, ಇಲ್ಲಾಂದ್ರೆ ನಿಮ್ಮ ಎಕ್ಸ್‌ಟೆನ್ಷನ್‌ಗಳ ಕೆಲಸಾನೂ ಬಂದು ರೆಕಾರ್ಡಿಂಗಲ್ಲಿ ಸೇರ್ಕೊಳುತ್ತೆ. ಎಫ್ 12 ಒತ್ತಿದ್ರೆ ಡೆವ್‌ಟೂಲ್ಸ್ ಅನ್ನೋ ಕ್ರೋಮಿನ ಡೆವಲಪರ್ ಕಿಟಕಿ ಬಿಚ್ಕೊಳುತ್ತೆ, ಅದ್ರಲ್ಲಿ ಪರ್ಫಾರ್ಮೆನ್ಸ್‌ಗೆ ಹೋಗಿ. ನೀವು ಮಾಡಿದ್ದು ಬಹುಶಃ ಗುಂಡಗೆ ಬಾಣ ಇರೋ ಬಟನ್ ಒತ್ತಿದ್ದು, ಅದು ಪೇಜ್ ರೀಲೋಡ್ ಮಾಡಿ ಪೂರ್ತಿ ಲೋಡ್ ಆಗೋದನ್ನ ರೆಕಾರ್ಡ್ ಮಾಡುತ್ತೆ, ನಿಮ್ಮ ತೊಂದ್ರೆ ಇರೋದು ಲೋಡಲ್ಲಲ್ಲ, ಸರ್ಚಲ್ಲಿ. ನಿಮಗೆ ಬೇಕಾಗಿರೋದು ಪಕ್ಕದ ಗುಂಡು ಚುಕ್ಕೆ, ಅಥವಾ ಕಂಟ್ರೋಲ್ ಇ. ಅದನ್ನ ಒತ್ತಿ, ಸರ್ಚಲ್ಲಿ ಒಂದೇ ಒಂದು ಅಕ್ಷರ ಹೊಡೀರಿ, ಪೇಜ್ ಸುಧಾರಿಸ್ಕೊಳೋವರೆಗೂ ಕಾಯಿರಿ, ಮತ್ತೆ ಕಂಟ್ರೋಲ್ ಇ. ಮೂರ್ನಾಲ್ಕು ಸೆಕೆಂಡ್ ಸಾಕು. ಅರ್ಧ ನಿಮಿಷ ರೆಕಾರ್ಡ್ ಮಾಡಿ ಏನೂ ಕಾಣ್ತಿಲ್ಲ ಅಂದ್ರೆ ಹೆಂಗೆ, ಸಂತೇಲಿ ನಿಂತು ಒಬ್ಬನ ಮಾತು ಕೇಳಿಸ್ಕೊಳಕ್ಕೆ ಆಗುತ್ತಾ?

ರೆಕಾರ್ಡ್‌ಗೆ ಮುಂಚೆ ಹಲ್ಲುಚಕ್ರದ ಗುರುತು ಇರುತ್ತಲ್ಲ, ಅದನ್ನ ಒತ್ತಿದ್ರೆ ಸೆಟ್ಟಿಂಗ್ಸ್ ಬಿಚ್ಕೊಳುತ್ತೆ. ಅದ್ರಲ್ಲಿ ಸಿಪಿಯು ಅಂತ ಇರೋದನ್ನ 4 ಪಟ್ಟು ಸ್ಲೋ ಮಾಡಿ. ನಿಮ್ಮ ಲ್ಯಾಪ್‌ಟಾಪಲ್ಲಿ ಕಣ್ಣು ಮಿಟುಕಿಸೋದ್ರೊಳಗೆ ಮುಗಿಯೋ ಕೆಲ್ಸ ಅಪ್ಪಾಜಿ ಫೋನಲ್ಲಿ ಹೆಂಗೆ ಒದ್ದಾಡುತ್ತೆ ಅಂತ ಆಗ ಗೊತ್ತಾಗುತ್ತೆ. ತೀರಾ ಹಳೇ ಫೋನಾದ್ರೆ 6 ಪಟ್ಟು, 20 ಪಟ್ಟಿನ ಸಹವಾಸ ಬೇಡ. ಅಲ್ಲೇ ಜಾವಾಸ್ಕ್ರಿಪ್ಟ್ ಸ್ಯಾಂಪಲ್ಸ್ ಡಿಸೇಬಲ್ ಮಾಡೋ ಟಿಕ್ ಇರುತ್ತೆ, ಅದು ಖಾಲಿ ಇರ್ಲಿ, ಟಿಕ್ ಆಗಿದ್ರೆ ಯಾವ ಫಂಕ್ಷನ್ ಎಷ್ಟು ಹೊತ್ತು ತಿಂತು ಅನ್ನೋ ವಿವರಾನೇ ಬರಲ್ಲ. ಅಡ್ವಾನ್ಸ್ಡ್ ಪೇಂಟ್ ಅನ್ನೋದನ್ನೂ ಮುಟ್ಬೇಡಿ, ಅದು ತಾನೇ ಸ್ಲೋ. ನೆಟ್‌ವರ್ಕ್ ಆಯ್ಕೆ ನಿಮಗೆ ಬೇಕಿಲ್ಲ, ಡೇಟಾ ಆಗ್ಲೇ ಪೇಜಲ್ಲಿ ಐತಲ್ಲ.

ಒಂದು ವಿಷ್ಯ, ಈ 4 ಪಟ್ಟನ್ನ ಕೆಲ್ಸ ಮುಗಿದ್ಮೇಲೆ ವಾಪಸ್ ತೆಗೀರಿ. ನಾನು ಒಂದ್ಸಲ ತೆಗೀದೆ ಡೆವ್‌ಟೂಲ್ಸ್ ಓಪನ್ನೇ ಬಿಟ್ಟು ಊಟಕ್ಕೆ ಹೋಗಿ ಬಂದು, ನೆನ್ನೆ ಚೆನ್ನಾಗಿದ್ದ ಕೋಡ್ ಇವತ್ತು ಯಾಕೆ ತೆವಳ್ತೈತೆ ಅಂತ ಸಾಯಂಕಾಲದವರೆಗೂ ಕೋಡ್ ಕಿತ್ತಾಡಿದೀನಿ. ಟ್ಯಾಬಿನ ಹೆಸರ ಪಕ್ಕ ಹಳದಿ ಎಚ್ಚರಿಕೆ ಗುರುತು ಅಷ್ಟೊತ್ತೂ ಇತ್ತು.

ಈಗ ರಿಸಲ್ಟು. ಮೇಲ್ಗಡೆ ಸಣ್ಣ ಗ್ರಾಫ್ ಇರುತ್ತೆ, ಅದ್ರಲ್ಲಿ ಹಳದಿ ಗುಡ್ಡ ಎದ್ದಿರೋ ಜಾಗದ ಮೇಲೆ ಮೌಸ್ ಎಳೆದ್ರೆ ಕೆಳಗೆ ಅಷ್ಟೇ ಭಾಗ ಬರುತ್ತೆ. ಒಳಗೆ ಓಡಾಡೋಕೆ ಮೌಸಿಗಿಂತ ಕೀಬೋರ್ಡ್ ವಾಸಿ, ಡಬ್ಲ್ಯೂ ಹತ್ರ ತರುತ್ತೆ, ಎಸ್ ದೂರ ಮಾಡುತ್ತೆ, ಎ ಎಡಕ್ಕೆ, ಡಿ ಬಲಕ್ಕೆ. ಬಣ್ಣದಲ್ಲಿ ಹಳದಿ ಅಂದ್ರೆ ಸ್ಕ್ರಿಪ್ಟ್, ನೇರಳೆ ಅಂದ್ರೆ ಪೇಜಿನ ಅಳತೆ ಜೋಡಣೆ ಲೆಕ್ಕ ಹಾಕೋದು, ಹಸಿರು ಅಂದ್ರೆ ಪರದೆ ಮೇಲೆ ಬಳಿಯೋದು. ಮೇನ್ ಅನ್ನೋ ಸಾಲಲ್ಲಿ 50 ಮಿಲಿಸೆಕೆಂಡ್ ದಾಟಿದ ಕೆಲಸದ ಮೂಲೇಲಿ ಕೆಂಪು ತ್ರಿಕೋನ ಇರುತ್ತೆ, ನಿಮ್ಮ ಕಳ್ಳ ಅದ್ರ ಕೆಳಗೇ ಇರ್ತಾನೆ.

ಇಲ್ಲೇ ಎಲ್ರೂ ಸೋಲೋದು. ಮೇಲಿನ ಪಟ್ಟಿ ಉದ್ದ ಇದೆ ಅಂತ ಅದರ ಫಂಕ್ಷನ್ನನ್ನೇ ಬೈಕೊಂಡು ಅದನ್ನ ತಿದ್ದಕ್ಕೆ ಹೋಗ್ತಾರೆ. ಉದ್ದ ಇರೋದು ಟೋಟಲ್ ಟೈಮು. ಟೊಮ್ಯಾಟೊ ಕೀಳ್ಸೋ ಮೇಸ್ತ್ರಿ ಬೆಳಗ್ಗಿಂದ ಸಂಜೆವರೆಗೂ ಹೊಲದಲ್ಲೇ ಇರ್ತಾನೆ, ಅವನ ಕೈಯಾರೆ ಕಿತ್ತಿದ್ದು ಎರಡು ಬಾಕ್ಸು, ಮಿಕ್ಕಿದ್ದೆಲ್ಲ ಆಳುಗಳದ್ದು. ಕೈಯಾರೆ ಮಾಡಿದ್ದು ಸೆಲ್ಫ್ ಟೈಮು. ಆ ಕೆಂಪು ಮೂಲೆ ಕೆಲ್ಸ ಕ್ಲಿಕ್ ಮಾಡಿ, ಕೆಳಗೆ ಬಾಟಮ್ ಅಪ್ ಅನ್ನೋ ಟ್ಯಾಬ್ ತೆಗೀರಿ, ಸೆಲ್ಫ್ ಟೈಮ್ ಕಾಲಮ್ಮಲ್ಲಿ ದೊಡ್ಡದು ಮೇಲೆ ಬರಂಗೆ ಮಾಡಿ. ಮೊದಲ್ನೇ ಎರಡ್ಮೂರು ಹೆಸರು ಸಾಕು, ಪಟ್ಟಿ ಪೂರ್ತಿ ಓದ್ಬೇಡಿ. ಬಲಗಡೆ ಫೈಲ್ ಹೆಸರು ಲಿಂಕ್ ಆಗಿರುತ್ತೆ, ಒತ್ತಿದ್ರೆ ನಿಮ್ಮ ಕೋಡ್ ಕಾಣೋ ಸೋರ್ಸಸ್ ಟ್ಯಾಬ್‌ಗೆ ಕರ್ಕೊಂಡು ಹೋಗಿ ಒಂದೊಂದು ಲೈನ್ ಪಕ್ಕ ಎಷ್ಟು ಮಿಲಿಸೆಕೆಂಡ್ ಅಂತ ಬರೆದಿರುತ್ತೆ.

ನನ್ನ ಪೇಜಲ್ಲಿ ಸುಮಾರು 3,000 ಸಾಲಿತ್ತು. ಸರ್ಚ್ ಫಿಲ್ಟರೇ ನಿಧಾನ ಅಂತ ನಾನು ಒಂದು ವಾರ ಅದನ್ನೇ ಉಜ್ತಿದ್ದೆ. ರೆಕಾರ್ಡ್ ಮಾಡಿ ನೋಡಿದ್ರೆ ಒಂದಕ್ಷರಕ್ಕೆ 1,100 ಮಿಲಿಸೆಕೆಂಡ್ ಹೋಗ್ತಿತ್ತು, ಅದ್ರಲ್ಲಿ ಫಿಲ್ಟರ್‌ದು ಬರೀ 6 ಮಿಲಿಸೆಕೆಂಡ್. 700 ಚಿಲ್ಲರೆ ತಿಂತಿದ್ದಿದ್ದು ತಾರೀಖನ್ನ ಕನ್ನಡದಲ್ಲಿ ತೋರ್ಸೋ ಒಂದು ಲೈನು, ಅದೇ ಟುಲೋಕೇಲ್‌ಡೇಟ್‌ಸ್ಟ್ರಿಂಗ್. ಅದನ್ನ ಸಾಲುಸಾಲಿಗೂ ಕರೆದ್ರೆ ಪ್ರತಿ ಸಲ ಭಾಷೆ ಯಾವ್ದು, ರೂಪ ಯಾವ್ದು ಅಂತ ಹೊಸದಾಗಿ ಹುಡುಕುತ್ತೆ. ಇಂಟ್ಲ್ ಡೇಟ್‌ಟೈಮ್‌ಫಾರ್ಮ್ಯಾಟ್ ಅಂತ ತಾರೀಖಿನ ಅಚ್ಚು ಒಂದನ್ನ ಲೂಪಿನ ಹೊರಗೆ ಒಂದೇ ಸಲ ಮಾಡಿಟ್ಕೊಂಡು ಅದರ ಫಾರ್ಮ್ಯಾಟನ್ನ ಕರೆದೆ, ಅಷ್ಟೇ, ಆ 700 ಹೋಗೇಬಿಡ್ತು. ನಿಮ್ಮದ್ರಲ್ಲಿ ರೂಪಾಯಿಗೆ ಕಾಮಾ ಹಾಕೋಕೆ ಟುಲೋಕೇಲ್‌ಸ್ಟ್ರಿಂಗ್ ಇದ್ರೆ ಅದೂ ಇದೇ ಜಾತಿ, ನಂಬರ್‌ಫಾರ್ಮ್ಯಾಟ್ ಒಂದು ಮಾಡ್ಕೊಳಿ. ಆದ್ರೆ ನಿಮ್ಮದೂ ಇದೇ ಅಂತ ನೋಡ್ದೆ ತಿದ್ಬೇಡಿ, ನೇರಳೆ ಜಾಸ್ತಿ ಇದ್ರೆ ಕಥೆನೇ ಬೇರೆ. ಲೂಪಲ್ಲಿ ಒಂದು ಸಾಲಿನ ಸ್ಟೈಲ್ ಬದಲಾಯ್ಸಿ ತಕ್ಷಣ ಅದರ ಎತ್ತರ ಕೇಳಿದ್ರೆ ಬ್ರೌಸರ್ ಪ್ರತಿ ಸಲ ಟೇಬಲ್ ಪೂರ್ತಿ ಅಳೆದು ಕೂರುತ್ತೆ, ಅದನ್ನ ಫೋರ್ಸ್ಡ್ ರೀಫ್ಲೋ ಅಂತ ಈ ಟ್ಯಾಬೇ ತೋರ್ಸುತ್ತೆ. ಎತ್ತರ ಕೇಳೋದೆಲ್ಲ ಮೊದ್ಲು ಕೇಳ್ಕೊಂಡು ಆಮೇಲೆ ಸ್ಟೈಲ್ ಬದಲಾಯ್ಸಿ, ಒಂದ್ಸಲಕ್ಕೆ 50 ಸಾಲು ತೋರ್ಸಿದ್ರೂ ನಡೆಯುತ್ತೆ.

ತಿದ್ದೋಕೆ ಮುಂಚೆ ಮೂರು ಸಲ, ತಿದ್ದಿದ್ಮೇಲೆ ಮೂರು ಸಲ ರೆಕಾರ್ಡ್ ಮಾಡಿ, ಯಾಕಂದ್ರೆ ಈ ಟ್ಯಾಬ್ ಫಂಕ್ಷನ್ನಿನ ಪ್ರತಿ ಕರೆಯನ್ನೂ ಎಣಿಸಲ್ಲ, ಆಗಾಗ ಇಣುಕಿ ನೋಡಿ ಯಾವ ಫಂಕ್ಷನ್ ಓಡ್ತೈತೆ ಅಂತ ಬರ್ಕೊಳುತ್ತೆ, ಅದಕ್ಕೆ ನಂಬರ್ ಸಲ ಸಲಕ್ಕೂ ಸ್ವಲ್ಪ ಆಚೆ ಈಚೆ ಆಗುತ್ತೆ. ಕೀ ಒತ್ತಿದ್ರಿಂದ ಪರದೆ ಬದಲಾಗೋವರೆಗೂ 200 ಮಿಲಿಸೆಕೆಂಡ್ ಒಳಗೆ ಬಂದ್ರೆ ಅಪ್ಪಾಜಿ ಬೈಯಲ್ಲ. ಲೂಪಲ್ಲಿ ಕನ್ಸೋಲ್ ಲಾಗ್ ಬಿಟ್ಟಿದ್ರೆ ಅದನ್ನ ಮೊದ್ಲು ಕಿತ್ತಾಕಿ, ಅದೇ ಎಷ್ಟೋ ತಿನ್ನುತ್ತೆ. ಕೊನೆಗೆ ಒಂದ್ಸಲ ಅವರ ಫೋನನ್ನೇ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ ಲ್ಯಾಪ್‌ಟಾಪ್‌ಗೆ ಚುಚ್ಚಿ, ಕ್ರೋಮಿನ ಇನ್‌ಸ್ಪೆಕ್ಟ್ ಪೇಜಿಂದ (ಅಡ್ರೆಸ್ ಜಾಗದಲ್ಲಿ chrome://inspect ಅಂತ ಹೊಡೀರಿ) ರೆಕಾರ್ಡ್ ಮಾಡಿ ನೋಡಿ, ಆಗ ಸಿಪಿಯು ಸ್ಲೋ ಮಾಡೋದು ಬೇಡ.

ಇಷ್ಟಾದ್ರೂ ಸಿಗ್ಲಿಲ್ಲ ಅಂದ್ರೆ ಮೇಲ್ಗಡೆ ಕೆಳಮುಖ ಬಾಣ ಇರುತ್ತೆ, ಅದ್ರಿಂದ ಪ್ರೊಫೈಲ್ ಸೇವ್ ಮಾಡಿ ಇಲ್ಲಿಗೇ ಹಾಕಿ, ನಾನು ಲೋಡ್ ಮಾಡ್ಕೊಂಡು ನೋಡ್ತೀನಿ. ಅದಕ್ಕೆ ಮುಂಚೆ ಸ್ಕ್ರೀನ್‌ಶಾಟ್ಸ್ ಟಿಕ್ ತೆಗೆದು ಹೊಸದಾಗಿ ರೆಕಾರ್ಡ್ ಮಾಡಿ, ಇಲ್ಲಾಂದ್ರೆ ಯಾವ ಮಂಡಿಯಿಂದ ಎಷ್ಟು ದುಡ್ಡು ಬಂತು ಅಂತ ಗುಂಪಿನವರೆಲ್ಲ ಫೋಟೋ ಸಮೇತ ನೋಡ್ತಾರೆ.